ದೇವರಕಾಡಿಗೆ ಮನೆಮಂದಿಯ ನಡಿಗೆ

ಮನೆಗೆ ಹಿತ್ತಿಲು ಹೇಗೋ ಊರಿಗೆ ಬನವೂ ಹಾಗೆಯೇ ಎಂಬ ತಿಳಿವಳಿಕೆಯು ನಮ್ಮ ಹಿರಿಯರಲ್ಲಿ ಇದ್ದಿತು. ಆದುದರಿಂದಲೇ ಅವರು ಊರನ್ನು ಕಟ್ಟುವಾಗ ಹೊಲಕ್ಕೆ, ಕೆರೆಗೆ, ಗೋಮಾಳಕ್ಕೆ ನೆಲವನ್ನು ಬಿಟ್ಟಂತೆ ಬನಕ್ಕೂ ಒಂದಿಷ್ಟು ನೆಲವನ್ನು ಬಿಟ್ಟು, ಅದನ್ನು ಒಬ್ಬ ದೇವರ ಹೆಸರಿಗೆ ಬರೆದರು. ಕೊಡಗಿನಲ್ಲಿ ಇದಕ್ಕೆ ದೇವರಕಾಡು ಎಂದು ಹೆಸರು. ಸೊರಬ, ಸಾಗರ, ಸಿದ್ದಾಪುರ, ಶಿರಸಿಗಳ ಕಡೆಯಲ್ಲಿ ಕಾನು ಎನ್ನುವರು. ಕಾನುಗಳಲ್ಲಿ ಅನೇಕವು ದೇವರಿಗೆ ಸೇರಿದುವು. ಕರಾವಳಿಯಲ್ಲಿ ನಾಗಬನವೆಂದೂ ಭೂತದ ಬನವೆಂದೂ ಕರೆಯುವರು. ಹೆಸರು ಬೇರೆಯಾದರೂ ಕಟ್ಟಳೆ ಬಹುಮಟ್ಟಿಗೆ ಒಂದೇ: ಅಲ್ಲಿ ಕೊಡಲಿ ಹಾಕಬಾರದು, ಬೇಟೆಯಾಡಬಾರದು, ಹೊಲಸು ಮಾಡಬಾರದು.

ಈ ತಿಂಗಳು ನಮ್ಮ ಗೃಹಸ್ಥ ವಾಚಕರೊಡನೆ ಈ ಹಳೆಯ ಬನಗಳ ವಿಷಯವಾಗಿ ಕೆಲವು ಮಾತುಗಳನ್ನಾಡಬೇಕೆಂದು ನಮ್ಮ ಇಚ್ಛೆ. ಅರಣ್ಯವನ್ನು ಕಾಪಾಡುವುದು ಸರ್ಕಾರದ ಕೆಲಸ, ಪಂಡಿತರ ಕೆಲಸ. ಮನೆವಾರ್ತೆಯವರಾದ ನಮಗೇನು ಎಂದು ಯಾರಾದರೂ ಕೇಳಬಹುದು. ಈ ಬನಗಳು ಉಳಿಯುವುದೂ ಅಳಿಯುವುದೂ ಈಗ ಮುಖ್ಯವಾಗಿ ಮನೆಮಂದಿಯ ಕೈಯಲ್ಲಿದೆ, ಅದಕ್ಕಿಂತಲೂ ಹೆಚ್ಚಾಗಿ ಮನೆಮಂದಿಯ ಕಾಲಿನಲ್ಲಿದೆ, ಎಂಬುದೇ ನಾವು ಹೇಳಬೇಕೆಂದಿರುವ ಮಾತು.

ಮೊದಲು, ಹಳೆಯ ಕಾಡು ಎಂದರೆ ಏನೆಂಬುದನ್ನು ತಿಳಿಯೋಣ. ಇಂಗ್ಲೆಂಡಿನಲ್ಲಿ ೧೬೦೦ನೆಯ ಇಸವಿಯಿಂದ ಈಚೆಗೆ ಎಡೆಬಿಡದೆ ಕಾಡಾಗಿಯೇ ಇರುವ ನೆಲವನ್ನು ಮಾತ್ರ ಪುರಾತನ ವನವೆಂದು ಗಣಿಸುತ್ತಾರೆ. ಇಲ್ಲಿ ಎಣಿಕೆಗೆ ಬರುವುದು ಒಂದೊಂದು ಮರದ ವಯಸ್ಸಲ್ಲ, ನೆಲದ ವಯಸ್ಸು. ಮರಗಳು ಹುಟ್ಟಿ, ಬೆಳೆದು, ಬಿದ್ದು, ಮಣ್ಣಾಗಿ, ಆ ಮಣ್ಣಿನಲ್ಲಿ ಮತ್ತೆ ಮರಗಳು ಹುಟ್ಟಿ, ಹೀಗೆ ನೂರಾರು ವರ್ಷ ಯಾರೂ ಉಳದೆ, ಕಡಿದು ಬೋಳು ಮಾಡದೆ ಇದ್ದ ನೆಲದಲ್ಲಿ ತರಗೆಲೆಯ ಮೆತ್ತೆಯೂ, ಅದರ ಕೆಳಗಿನ ಅಣಬೆಯ ಎಳೆಗಳೂ, ಹುಳುಹುಪ್ಪಟೆಗಳೂ, ಮೊಳೆಯಲು ಕಾದಿರುವ ಬೀಜಗಳೂ ಸೇರಿ ಒಂದು ಸಂಸಾರವೇ ಆಗಿರುತ್ತದೆ. ಬೋಳು ಮೈದಾನದಲ್ಲಿ ಐನೂರು ಸಸಿಗಳನ್ನು ನೆಟ್ಟು ನೀರೆರೆದರೆ ನೆರಳು ದೊರೆಯಬಹುದು. ಆದರೆ ಈ ಸಂಸಾರವು ದೊರೆಯದು.

ಒಂದು ಉದಾಹರಣೆಯನ್ನು ಹೇಳುವೆವು. ಮಲೆನಾಡಿನ ಮಂಗಟ್ಟೆ ಹಕ್ಕಿಯು ಹಳೆಯ ಮರದ ಪೊಟರೆಯಲ್ಲಿಯೇ ಮೊಟ್ಟೆಯಿಡುತ್ತದೆ. ಹೆಣ್ಣು ಹಕ್ಕಿಯು ಒಳಗೆ ಸೇರಿ, ಬಾಗಿಲನ್ನು ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸಂದನ್ನು ಮಾತ್ರ ಬಿಟ್ಟುಕೊಳ್ಳುವುದು; ಗಂಡು ಹಕ್ಕಿಯು ಹಣ್ಣುಗಳನ್ನು ತಂದು ಆ ಸಂದಿನಿಂದ ಉಣಿಸುವುದು. ಎಳೆಯ ಮರಕ್ಕೆ ಅಂಥ ಪೊಟರೆ ಎಲ್ಲಿಂದ ಬರಬೇಕು? ಮುದಿಮರವಿಲ್ಲದ ಕಡೆ ಮಂಗಟ್ಟೆಯಿಲ್ಲ. ಮಂಗಟ್ಟೆಯಿಲ್ಲದ ಕಡೆ ದೊಡ್ಡ ಹಣ್ಣಿನ ಕಾಡುಮರಗಳ ಬೀಜವನ್ನು ದೂರಕ್ಕೆ ಒಯ್ದು ಹಾಕುವವರು ವಿರಳ. ಹಿರಿಯರಿಲ್ಲದ ಮನೆಯಲ್ಲಿ ಕಿರಿಯರ ಪಾಡು ಹೇಗೋ ಹಾಗೆ.

ಇಂಥ ಕಾಡುಗಳ ಈಗಿನ ಸ್ಥಿತಿ ಏನು? ಕೊಡಗೊಂದರಲ್ಲಿಯೇ ಲೆಕ್ಕಕ್ಕೆ ಬಂದ ದೇವರಕಾಡುಗಳು ೧,೨೧೪. ಇಷ್ಟು ಚಿಕ್ಕ ಸೀಮೆಯಲ್ಲಿ ಇಷ್ಟೊಂದು ದೇವರಬನಗಳಿರುವುದು ಲೋಕದಲ್ಲಿಯೇ ಅಪರೂಪ. ಅಯ್ಯಪ್ಪ, ಭಗವತಿ, ಮಹಾದೇವ, ಭದ್ರಕಾಳಿ ಮೊದಲಾದ ದೇವತೆಗಳು ಇವುಗಳ ಒಡೆಯರು. ಅಯ್ಯಪ್ಪನ ಕಾಡುಗಳಲ್ಲಿ ಭಕ್ತರು ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳ ಸಾಲನ್ನು ಕಂಡವರು ಮರೆಯಲಾರರು. ಆದರೆ ದಾಖಲೆಗಳ ಪ್ರಕಾರ ೧೯೦೫ರಲ್ಲಿ ೬,೨೭೭ ಹೆಕ್ಟೇರುಗಳಷ್ಟಿದ್ದ ಈ ಕಾಡುಗಳ ವಿಸ್ತಾರವು ೧೯೮೫ರ ಹೊತ್ತಿಗೆ ೨,೫೫೦ ಹೆಕ್ಟೇರುಗಳಿಗೆ ಇಳಿದಿತ್ತು. ಎಂಬತ್ತು ವರ್ಷಗಳಲ್ಲಿ ಐದು ಪಾಲಿನಲ್ಲಿ ಮೂರು ಪಾಲು ಹೋಗಿ ಎರಡು ಪಾಲು ಉಳಿಯಿತು. ಉಳಿದುದನ್ನು ಕಾಡುಗಳ ಸಂಖ್ಯೆಗೆ ಹಂಚಿದರೆ ಒಂದೊಂದಕ್ಕೆ ಸರಾಸರಿ ಐದು ಎಕರೆಯಷ್ಟು ಬರುತ್ತದೆ. ಐದು ಎಕರೆ ಎಂದರೆ ಒಬ್ಬ ಸಾಧಾರಣ ರೈತನ ಹೊಲ.

ಈ ಮೂರು ಪಾಲನ್ನು ತಿಂದವರು ಯಾರು? ದೂರದಿಂದ ಬಂದ ಕಳ್ಳರೇ ಎಲ್ಲವನ್ನೂ ಹೊತ್ತುಕೊಂಡು ಹೋದರೆಂದು ತಿಳಿಯಬಾರದು. ಬನದ ಅಂಚಿನ ತೋಟದ ಬೇಲಿಯು ಈ ವರ್ಷ ಒಂದು ಸಾಲು ಕಾಫಿಗಿಡದಷ್ಟು ಒಳಗೆ ಬರುತ್ತದೆ. ಮತ್ತೆರಡು ವರ್ಷಕ್ಕೆ ಇನ್ನೊಂದು ಸಾಲು. ಒಂದು ಕಡೆ ರಸ್ತೆ, ಇನ್ನೊಂದು ಕಡೆ ನಿವೇಶನ. ಬೇಲಿ ಸರಿದುದನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾದರೆ ಎಲ್ಲೆ ಎಲ್ಲಿದ್ದಿತೆಂಬುದು ತಿಳಿದಿರಬೇಕಷ್ಟೆ? ವರ್ಷಕ್ಕೊಮ್ಮೆ ಹಬ್ಬದ ದಿನ ಗುಡಿಯ ಮುಂದೆ ಕೈಮುಗಿದು ಹಿಂದಿರುಗುವವರಿಗೆ ಬನದ ಹಿಂಭಾಗದ ಎಲ್ಲೆಯು ಹೇಗೆ ತಿಳಿದೀತು?

ಭಕ್ತಿಯಿಂದಲೇ ಆದ ಹಾನಿಯೂ ಇದೆ. ಇದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ. ಮೊದಲು ಮರದ ಬುಡದಲ್ಲಿ ಒಂದು ಕಲ್ಲು, ಒಂದು ತ್ರಿಶೂಲ, ಇಷ್ಟೇ ದೇವರ ಗುರುತು. ಬನವೇ ಗುಡಿ, ಕೊಂಬೆಗಳೇ ಮೇಲ್ಛಾವಣಿ. ಈಗ ಅನೇಕ ಕಡೆಗಳಲ್ಲಿ ದೇವರಿಗೆ ಕಾಂಕ್ರೀಟಿನ ಗುಡಿಯಾಗಿ, ಗುಡಿಗೆ ಅಂಗಳವಾಗಿ, ಅಂಗಳಕ್ಕೆ ಊಟದ ಚಪ್ಪರವಾಗಿ, ವಾಹನಗಳು ನಿಲ್ಲಲು ಜಾಗವಾಗಿ, ಒಂದೊಂದಕ್ಕೂ ಹತ್ತಾರು ಮರಗಳು ಬಲಿಯಾಗಿವೆ. ಕರಾವಳಿಯ ಎಷ್ಟೋ ನಾಗಬನಗಳಲ್ಲಿ ಮರಬಳ್ಳಿಗಳನ್ನು ತೆಗೆದು ಸಿಮೆಂಟಿನ ಕಟ್ಟೆಯನ್ನು ಕಟ್ಟಿ ನಾಗನ ಕಲ್ಲುಗಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ನಾಗನಿಗೆ ಹುತ್ತವೂ ತಂಪೂ ಪ್ರಿಯವೆಂದು ಹಾಲೆರೆಯುವ ನಾವೇ ಅವನ ತಂಪನ್ನು ಕಿತ್ತುಕೊಂಡೆವಲ್ಲ! ಈಚೆಗೆ ಕೆಲವು ಕುಟುಂಬಗಳವರು ಬನಗಳಲ್ಲಿ ಮತ್ತೆ ಸಸಿಗಳನ್ನು ನೆಡುತ್ತಿರುವುದು ಸಂತೋಷದ ಸಂಗತಿ.

ಕಾನುಗಳ ಕಥೆಯು ಇನ್ನೊಂದು ಬಗೆಯದು. ೧೮೬೮ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳನ್ನು ನೋಡಿ, ೧೭೧ ಕಾನುಗಳು ಸುಮಾರು ಮೂವತ್ತೆರಡು ಸಾವಿರ ಎಕರೆಗಳಲ್ಲಿ ಹರಡಿವೆಯೆಂದು ಬರೆದರು. ಊರವರು ಆ ಕಾನುಗಳಲ್ಲಿ ಕಾಳುಮೆಣಸನ್ನು ಕೊಯ್ಯುತ್ತಿದ್ದರು, ಬೈನೆಯ ಮರದಿಂದ ಕಳ್ಳನ್ನು ಇಳಿಸುತ್ತಿದ್ದರು. ಕಾನಿನ ತಪ್ಪಲಿನಲ್ಲಿ ಹುಟ್ಟುವ ಊಟೆಗಳ ನೀರಿನಿಂದ ಗದ್ದೆ ತೋಟಗಳನ್ನು ಬೆಳೆಯುತ್ತಿದ್ದರು. ಹಸಿಮರಕ್ಕೆ ಕತ್ತಿ ತಾಗಿಸುತ್ತಿರಲಿಲ್ಲ. ಮುಂದೆ ಬ್ರಿಟಿಷರ ಕಾಲದಲ್ಲಿ ಅರಣ್ಯದ ಕಾಯಿದೆಗಳು ಬಂದು ಕಾಡುಗಳೆಲ್ಲ ಸರ್ಕಾರದ ವಶವಾಗುತ್ತ ಬಂದಂತೆ, ಉತ್ತರಕನ್ನಡದ ಕಡೆಯಲ್ಲಿ ಊರವರಿಗೂ ಕಾನಿಗೂ ಇದ್ದ ನಂಟು ಸಡಿಲವಾಯಿತು. ನಮ್ಮದೆಂಬ ಭಾವನೆ ಹೋದ ಮೇಲೆ ಕಾಯುವ ಮನಸ್ಸು ಎಲ್ಲಿಯದು? ಹಿಂದೆ ಕಾದವರೇ ಕಡಿಯುವವರಾದರು, ಇಲ್ಲವೆ ಕಡಿಯುವವರನ್ನು ಸುಮ್ಮನೆ ನೋಡುವವರಾದರು.

ಈ ಎರಡು ಕಥೆಗಳಿಂದ ತಿಳಿಯುವುದೊಂದೇ ನೀತಿ. ಹಳೆಯ ಕಾಡನ್ನು ಬೇಲಿಯೊಂದೇ ಕಾಯಲಾರದು, ಭಯವೊಂದೇ ಕಾಯಲಾರದು, ಪರಿಚಯವು ಕಾಯುತ್ತದೆ. ದೇವರ ಭಯವು ನಮ್ಮ ಅಜ್ಜಂದಿರ ಕಾಲದಲ್ಲಿ ಇದ್ದಷ್ಟು ಈಗ ಇಲ್ಲ. ಭಯವು ಹೋದ ಜಾಗದಲ್ಲಿ ಸ್ನೇಹವನ್ನು ತಂದು ಕೂರಿಸದಿದ್ದರೆ ಆ ಜಾಗಕ್ಕೆ ಲೋಭವು ಬಂದು ಕುಳಿತುಕೊಳ್ಳುವುದರಲ್ಲಿ ಸಂದೇಹವಿಲ್ಲ. ಸ್ನೇಹ ಬೆಳೆಯಬೇಕಾದರೆ ಹೋಗಿಬರುವುದು ಇರಬೇಕು. ಬಂಧುಗಳ ವಿಷಯದಲ್ಲಿ ಹೇಗೋ ಕಾಡಿನ ವಿಷಯದಲ್ಲಿಯೂ ಹಾಗೆಯೇ.

ಜನರು ಹೋದರೆ ಕಾಡು ಕೆಡುವುದಿಲ್ಲವೆ ಎಂದು ಕೇಳುವವರಿದ್ದಾರೆ. ಪ್ರಶ್ನೆಯು ನ್ಯಾಯವಾದುದೇ. ಗದ್ದಲದ ಸಂಗೀತವನ್ನು ಹಚ್ಚಿಕೊಂಡು, ಒಲೆ ಹೂಡಿ, ತಟ್ಟೆ ಬಾಟಲಿಗಳನ್ನು ಎಸೆದು ಬರುವವರು ಹೋದರೆ ಕೆಡುತ್ತದೆ. ಅಂಥವರು ಹೋಗದಿರುವುದೇ ಲೇಸು. ನಾವು ಹೇಳುವುದು ಐದಾರು ಮಂದಿಯ ನಡಿಗೆ. ನೆಂಟರ ಮನೆಗೆ ಹೋದಂತೆ ಹೇಳಿ ಕೇಳಿ ಹೋಗಿ, ಮೆಲ್ಲಗೆ ಮಾತನಾಡಿ, ಏನನ್ನೂ ಕೀಳದೆ, ಏನನ್ನೂ ಬಿಡದೆ ಬರುವ ನಡಿಗೆ. ಅದಕ್ಕೆ ಹಣ ಬೇಕಾಗಿಲ್ಲ, ವಿಶೇಷ ಸಲಕರಣೆ ಬೇಕಾಗಿಲ್ಲ. ಮನೆಯ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಮಾಡಬಹುದಾದ ಕೆಲಸವಿದು. ಅದರ ಕ್ರಮವನ್ನು ಸ್ವಲ್ಪ ವಿವರಿಸುವೆವು.

ಮೊದಲನೆಯದು ಅಪ್ಪಣೆ. ಪ್ರತಿಯೊಂದು ಬನಕ್ಕೂ ತನ್ನದೇ ಕಟ್ಟಳೆಯುಂಟು. ಕೆಲವು ಕಡೆ ಪಾದರಕ್ಷೆ ಕೂಡದು. ಕೆಲವು ಕಡೆ ಹಬ್ಬದ ದಿನವಲ್ಲದೆ ಒಳಗೆ ಹೋಗಕೂಡದು. ಕೆಲವು ಕಡೆ ಹೆಂಗಸರಿಗೆ ಒಳಗಣ ಭಾಗಕ್ಕೆ ಪ್ರವೇಶವಿಲ್ಲ. ಕೊಡಗಿನಲ್ಲಾದರೆ ಊರಿನ ದೇವತಕ್ಕರನ್ನು, ಬೇರೆ ಕಡೆ ಗುಡಿಯ ಮೊಕ್ತೇಸರರನ್ನು ಅಥವಾ ಬನದ ಮನೆತನದವರನ್ನು ಕೇಳಿಯೇ ಹೋಗತಕ್ಕದ್ದು. ಅರಣ್ಯ ಇಲಾಖೆಯ ರಕ್ಷಿತಾರಣ್ಯವಾದರೆ ಇಲಾಖೆಯ ಅನುಮತಿ ಬೇಕು. ಕಟ್ಟಳೆಗಳಲ್ಲಿ ಕೆಲವು ಈ ಕಾಲಕ್ಕೆ ತಕ್ಕುವೇ ಎಂಬುದನ್ನು ಊರವರು ಕುಳಿತು ಮಾತನಾಡಿ ತೀರ್ಮಾನಿಸಲಿ. ಹೊರಗಿನಿಂದ ಬಂದವರು ಮುರಿಯಬಾರದು. ಒಳಗೆ ಹೋಗಲಾಗದವರಿಗೂ ಬನದ ಸುತ್ತಲಿನ ದಾರಿಯು ತೆರೆದಿರುತ್ತದೆ. ಸುತ್ತು ಬರುವ ಆ ನಡಿಗೆಯೇ ಎಲ್ಲಕ್ಕಿಂತ ಮುಖ್ಯವಾದುದೆಂಬುದನ್ನು ಮುಂದೆ ಹೇಳುವೆವು.

ಎರಡನೆಯದು ಕಾಲ. ಮಳೆಗಾಲದಲ್ಲಿ ಉಂಬಳಗಳ ಕಾಟವುಂಟು. ಮರದ ಕೊಂಬೆಗಳು ಮುರಿದು ಬೀಳುವ ಅಪಾಯವೂ ಉಂಟು. ಮಳೆ ನಿಂತ ಮೇಲೆ ಬರುವ ತಿಂಗಳುಗಳು ನಡಿಗೆಗೆ ಒಳ್ಳೆಯವು. ಆದರೆ ಮಲೆನಾಡಿನವರು ಇನ್ನೊಂದು ವಿಷಯವನ್ನು ಮರೆಯಕೂಡದು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆಯು, ಉಣುಗು ಅಥವಾ ಉಣ್ಣೆ ಎಂಬ ಸಣ್ಣ ಹುಳುವಿನ ಕಡಿತದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ ಹೆಚ್ಚು. ಕಾಯಿಲೆಯ ಸುದ್ದಿಯಿರುವ ಅಥವಾ ಮಂಗಗಳು ಸತ್ತುಬಿದ್ದಿರುವ ಕಾಡಿಗೆ ಮಕ್ಕಳನ್ನು ಕರೆದುಕೊಂಡು ಹೋಗಲೇಬಾರದು. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು. ಬೇರೆ ಸಮಯದಲ್ಲಿಯೂ ಮೈತುಂಬ ಬಟ್ಟೆ ಧರಿಸಿ ಹೋಗಿ, ಬಂದ ಕೂಡಲೇ ಬಿಸಿನೀರಿನಲ್ಲಿ ಮೀಯುವುದೂ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯುವುದೂ ಒಳ್ಳೆಯ ಅಭ್ಯಾಸ. ಆನೆ ತಿರುಗುವ ಸೀಮೆಯಾದರೆ ಸ್ಥಳ ಬಲ್ಲವರೊಬ್ಬರು ಜೊತೆಗಿರಲೇಬೇಕು; ಹೊತ್ತು ಇಳಿಯುವ ಮೊದಲೇ ಹಿಂದಿರುಗಬೇಕು.

ಮೂರನೆಯದು ಹಿರಿಯರ ಸ್ಥಾನ. ಕಾಲುಶಕ್ತಿಯಿಲ್ಲವೆಂದು ವೃದ್ಧರನ್ನು ಮನೆಯಲ್ಲಿ ಬಿಟ್ಟುಹೋಗುವುದು ವಾಡಿಕೆ. ಬನದ ವಿಷಯದಲ್ಲಿ ಇದು ದೊಡ್ಡ ನಷ್ಟ. ಯಾವುದು ಹೆಬ್ಬಲಸು, ಯಾವುದು ನಾಗಸಂಪಿಗೆ, ಯಾವುದು ಧೂಪದ ಮರ, ಯಾವ ಎಲೆಯನ್ನು ಬಾಣಂತಿಗೆ ಬಳಸುತ್ತಿದ್ದರು, ಯಾವ ಊಟೆಯು ಯಾವ ತಿಂಗಳವರೆಗೆ ಬತ್ತುತ್ತಿರಲಿಲ್ಲ, ಇವೆಲ್ಲ ಅವರ ತಲೆಯಲ್ಲಿ ಮಾತ್ರ ಉಳಿದಿವೆ. ದೂರ ನಡೆಯಲಾರದವರಿಗಾಗಿ ಬನದ ಅಂಚಿನ ಸಮತಟ್ಟಾದ ಜಾಗದಲ್ಲಿ ಒಂದು ಚಾಪೆ ಹಾಸಿರಿ. ಗಾಲಿಕುರ್ಚಿಯವರಿಗೆ ಗಾಡಿಯ ದಾರಿ ಇರುವ ಕಡೆಯನ್ನು ಆರಿಸಿರಿ. ಮಕ್ಕಳು ಬಿದ್ದ ಎಲೆಯನ್ನೋ ಕಾಯನ್ನೋ ತಂದು ತೋರಿಸಲಿ, ಅಜ್ಜಿಯು ಹೆಸರು ಹೇಳಲಿ, ಅನಂತರ ಅದನ್ನು ಇದ್ದಲ್ಲಿಗೇ ಇಟ್ಟುಬರಲಿ. ಕಣ್ಣು ಕಾಣದವರಿಗೂ ಬನವು ಬಡತನ ಮಾಡದು: ತೊಗಟೆಯ ಒರಟು, ತರಗೆಲೆಯ ಸದ್ದು, ಕುಟ್ರು ಹಕ್ಕಿಯ ಎಡೆಬಿಡದ ಕೂಗು, ಹೂವಿನ ಕಂಪು, ಇಷ್ಟಿರಲು ಕಣ್ಣೊಂದೇ ಏಕೆ?

ನಾಲ್ಕನೆಯದು ಮಕ್ಕಳ ಕೆಲಸ. ಮಕ್ಕಳಿಗೆ ಉಪದೇಶ ಬೇಡ, ಕೆಲಸ ಕೊಡಿರಿ. ಒಬ್ಬೊಬ್ಬರೂ ಒಂದೊಂದು ಮರವನ್ನು ತಮ್ಮದೆಂದು ಆರಿಸಿಕೊಳ್ಳಲಿ. ಅದರ ಸುತ್ತಳತೆಯನ್ನು ದಾರದಿಂದ ಅಳೆಯಲಿ. ಚಿಗುರು ಯಾವಾಗ, ಹೂವು ಯಾವಾಗ, ಕಾಯಿ ಯಾವಾಗ, ಯಾವ ಹಕ್ಕಿ ಬಂದಿತು ಎಂಬುದನ್ನು ಒಂದು ಪುಸ್ತಕದಲ್ಲಿ ತಾರೀಖಿನೊಡನೆ ಬರೆಯಲಿ. ಹೀಗೆ ಮರಗಳ ಋತುಚರ್ಯೆಯನ್ನು ಜನಸಾಮಾನ್ಯರಿಂದಲೇ ಬರೆಯಿಸಿ ಕೂಡಿಸುವ ‘ಸೀಸನ್ ವಾಚ್’ ಎಂಬ ಯೋಜನೆಯು ನಮ್ಮ ದೇಶದಲ್ಲಿ ನಡೆದಿದೆ. ಶಾಲೆಗಳ ಮಕ್ಕಳು ಅದರಲ್ಲಿ ಸೇರಿದ್ದಾರೆ. ನಮ್ಮ ಅರಣ್ಯ ಇಲಾಖೆಯವರೂ ‘ಚಿಣ್ಣರ ವನದರ್ಶನ’ ಎಂಬ ಹೆಸರಿನಿಂದ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಕಾರ್ಯಕ್ರಮವನ್ನು ನಡೆಯಿಸಿದ್ದಾರೆ. ಶಾಲೆಯು ಒಂದು ದಿನ ತೋರಿಸಿದುದನ್ನು ಮನೆಯು ವರ್ಷವೆಲ್ಲ ಮುಂದುವರಿಸಿದರೆ ಮಾತ್ರ ಅದು ಮನಸ್ಸಿನಲ್ಲಿ ಬೇರುಬಿಡುವುದು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಎಲ್ಲೆಯ ಸುತ್ತು. ವರ್ಷಕ್ಕೆ ಒಮ್ಮೆಯಾದರೂ ಊರಿನ ನಾಲ್ಕಾರು ಮನೆಯವರು ಒಟ್ಟಾಗಿ ಬನದ ಎಲ್ಲೆಯನ್ನು ಪೂರ್ತಿ ಸುತ್ತಿ ಬರಬೇಕು. ದೇವರಿಗೆ ಪ್ರದಕ್ಷಿಣೆ ಬರುವುದಿಲ್ಲವೆ? ಇದು ಬನಕ್ಕೆ ಪ್ರದಕ್ಷಿಣೆ. ಕಲ್ಲು ಎಲ್ಲಿದೆ, ಹಳ್ಳ ಎಲ್ಲಿದೆ, ಮೂಲೆಯ ಮರ ಯಾವುದು ಎಂಬುದನ್ನು ಹಿರಿಯರು ಹೇಳಲಿ, ಕಿರಿಯರು ಹೆಜ್ಜೆಯನ್ನೆಣಿಸಿ ಬರೆದುಕೊಳ್ಳಲಿ. ಹೋದ ವರ್ಷದ ಲೆಕ್ಕಕ್ಕೂ ಈ ವರ್ಷದ ಲೆಕ್ಕಕ್ಕೂ ಅಂತರ ಬಂದರೆ ಅಂದೇ ನೆರೆಯವರೊಡನೆ ಸಮಾಧಾನದಿಂದ ಮಾತನಾಡಬಹುದು. ಒಂದು ಸಾಲು ಗಿಡದ ಮಾತು ಸ್ನೇಹದಲ್ಲಿ ತೀರುತ್ತದೆ. ನಾಲ್ಕು ಎಕರೆಯ ಮಾತು ನ್ಯಾಯಾಲಯಕ್ಕೇ ಹೋಗುತ್ತದೆ. ಮಂದಿ ಸುತ್ತಿ ನೋಡುತ್ತಾರೆಂಬುದು ಗೊತ್ತಾದರೆ ಬೇಲಿಯನ್ನು ಸರಿಸುವ ಕೈಯೂ ಹಿಂಜರಿಯುತ್ತದೆ.

ಇದರಿಂದ ನಮಗೇನು ಲಾಭವೆಂದು ಲೆಕ್ಕ ಕೇಳುವವರಿಗೂ ಉತ್ತರವಿದೆ. ರೊಬಸ್ಟಾ ಕಾಫಿಯ ಹೂವು ತನ್ನದೇ ಗಿಡದ ಪರಾಗದಿಂದ ಕಾಯಿಕಟ್ಟದು. ಬೇರೆ ಗಿಡದ ಪರಾಗ ಬರಬೇಕು. ಅದನ್ನು ಗಾಳಿಯೊಡನೆ ಜೇನುಗಳೂ ತರುತ್ತವೆ. ಹೆಜ್ಜೇನು ಗೂಡು ಕಟ್ಟುವುದು ಎತ್ತರವಾದ ಹಳೆಯ ಮರಗಳಲ್ಲಿ. ಹೂಮಳೆಯ ಹಿಂದೆಯೇ ತೋಟಕ್ಕೆ ಬರುವ ಈ ಕೂಲಿಯವರಿಗೆ ಬಿಡಾರವನ್ನು ಕೊಟ್ಟಿರುವುದು ಬನ. ಬನದ ನೆಲವು ಮಳೆಯ ನೀರನ್ನು ಹೀರಿಕೊಂಡು ಬೇಸಗೆಯಲ್ಲಿ ಮೆಲ್ಲನೆ ಬಿಟ್ಟುಕೊಡುವುದನ್ನು ಬಾವಿಯಿರುವ ಪ್ರತಿಯೊಂದು ಮನೆಯೂ ಬಲ್ಲುದು. ಇನ್ನು ಮನಸ್ಸಿನ ಲಾಭ. ಜಪಾನಿನಲ್ಲಿ ೧೯೮೨ರಲ್ಲಿ ಅಲ್ಲಿಯ ಅರಣ್ಯ ಇಲಾಖೆಯವರೇ ಕಾಡಿನಲ್ಲಿ ಸುಮ್ಮನೆ ನಡೆದಾಡುವುದಕ್ಕೆ ‘ಶಿನ್‌ರಿನ್-ಯೋಕು’, ಎಂದರೆ ಅರಣ್ಯಸ್ನಾನ, ಎಂದು ಹೆಸರಿಟ್ಟು ಜನರನ್ನು ಕಾಡಿಗೆ ಕರೆದರು. ಅವರಿಗೆ ಹೊಸ ಹೆಸರು ಬೇಕಾಯಿತು. ನಮಗಾದರೋ ಬನಕ್ಕೆ ಹೋಗುವುದೆಂಬ ಹಳೆಯ ಮಾತೇ ಸಾಕು.

ಬಯಲುಸೀಮೆಯ ವಾಚಕರು ತಮಗೆ ಇಂಥ ಭಾಗ್ಯವಿಲ್ಲವೆಂದು ಕೊರಗಬೇಕಾಗಿಲ್ಲ. ದೇವನಹಳ್ಳಿಯ ಬಳಿ ನಲ್ಲೂರಿನಲ್ಲಿ ಸುಮಾರು ಐವತ್ತುಮೂರು ಎಕರೆಗಳ ಹುಣಿಸೆಯ ತೋಪೊಂದಿದೆ. ಶತಮಾನಗಳನ್ನು ಕಂಡ ಮರಗಳು. ಬೊಡ್ಡೆ ಟೊಳ್ಳಾದರೂ ಚಿಗುರುವುದನ್ನು ಬಿಟ್ಟಿಲ್ಲ. ೨೦೦೭ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಿದರು. ನಮ್ಮ ದೇಶದಲ್ಲಿ ಆ ಗೌರವವನ್ನು ಪಡೆದ ಮೊದಲನೆಯ ತಾಣ ಅದೇ. ಬೆಂಗಳೂರಿನವರು ಬೆಳಗ್ಗೆ ಹೊರಟು ಊಟದ ಹೊತ್ತಿಗೆ ಹಿಂದಿರುಗಬಹುದು. ನಿಮ್ಮ ಊರಿನ ಗುಂಡುತೋಪು, ಕೆರೆಯೇರಿಯ ಆಲದ ಮರ, ಇವೂ ಸಣ್ಣವೆಂದು ತಳ್ಳತಕ್ಕವಲ್ಲ.

ಕಾನೂನೂ ಈಗ ಈ ಕಡೆ ಕಣ್ಣು ತೆರೆದಿದೆ. ೨೦೨೪ನೆಯ ಡಿಸೆಂಬರ್ ೧೮ರಂದು ಸರ್ವೋಚ್ಚ ನ್ಯಾಯಾಲಯವು ರಾಜಸ್ಥಾನದ ದೇವರಬನಗಳನ್ನು ಸ್ಥಳದಲ್ಲಿಯೂ ಉಪಗ್ರಹದ ಚಿತ್ರಗಳಿಂದಲೂ ಗುರುತಿಸಿ ನಕಾಶೆ ಮಾಡಬೇಕೆಂದು ಆಜ್ಞಾಪಿಸಿತು. ನಕಾಶೆಯು ಬೇಕಾದುದೇ. ಆದರೆ ನಕಾಶೆಯು ಕಚೇರಿಯಲ್ಲಿರುವುದು, ಬೇಲಿಯು ಬನದಲ್ಲಿ ಸರಿಯುವುದು. ಇವೆರಡರ ನಡುವೆ ನಿಂತು ನೋಡುವವರು ಊರವರಲ್ಲದೆ ಮತ್ತಾರು?

ಆದುದರಿಂದ ನಮ್ಮ ಪ್ರಾರ್ಥನೆ ಇಷ್ಟೇ. ಈ ಸಂಚಿಕೆಯನ್ನು ಓದಿ ಮುಗಿಸಿದ ಸಂಜೆ, ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿರಿ: ನಮ್ಮ ಊರಿನ ಬನ ಯಾವುದು, ಅದರ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ, ಅದರಲ್ಲಿ ಇದ್ದ ಮರಗಳ ಹೆಸರೇನು? ಅವರು ಹೇಳಿದುದನ್ನು ಮಕ್ಕಳ ಕೈಯಿಂದ ಬರೆಯಿಸಿರಿ. ಮುಂದಿನ ರಜೆಯ ದಿನ ಆ ಬರಹವನ್ನು ಹಿಡಿದು ಎಲ್ಲರೂ ಹೊರಡಿರಿ. ಬರೆದ ಹೆಸರುಗಳಲ್ಲಿ ಎಷ್ಟು ಮರಗಳು ಅಲ್ಲಿ ಇನ್ನೂ ನಿಂತಿವೆಯೆಂದು ನೋಡಿಬನ್ನಿರಿ. ನಿಂತಿರುವುವನ್ನು ಎಣಿಸಿ ಸಂತೋಷಪಡಿರಿ. ಹೋದುವನ್ನು ಎಣಿಸಿ ಎಚ್ಚರಗೊಳ್ಳಿರಿ. ಬನದ ಒಂದೊಂದು ಮರವನ್ನೂ ಹೆಸರು ಹಿಡಿದು ಕರೆಯಬಲ್ಲ ಮಗುವೊಂದು ಊರಿನಲ್ಲಿದ್ದರೆ, ಆ ಬನಕ್ಕೆ ಇನ್ನು ಐವತ್ತು ವರ್ಷಗಳ ಕಾವಲುಗಾರನು ದೊರೆತಂತೆಯೇ ಸರಿ.